ಒದ್ದೆಯಾದ ಮದ್ದು, ಗುರಿ ತಪ್ಪಿದ ಗುಂಡು

ಪ್ಲಾಸಿ ಕದನ ಎಂದೊಡನೆ ನಮಗೆ ನೆನಪಾಗುವುದು ಮೀರ್ ಜಾಫರನ ದ್ರೋಹ. ಅದು ಸಹಜವೇ. ಆದರೆ 1757ರ ಜೂನ್ 23ರಂದು ಭಾಗೀರಥಿ ನದಿಯ ದಂಡೆಯ ಆ ಮಾವಿನ ತೋಪಿನ ಬಳಿ ಇನ್ನೊಂದು ಘಟನೆಯೂ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಸುಮಾರು ಅರ್ಧ ತಾಸು ಜೋರು ಮಳೆ ಸುರಿಯಿತು. ಕ್ಲೈವನ ಸೈನಿಕರು ತಮ್ಮ ಮದ್ದಿನ ಮೇಲೆ ಟಾರ್ಪಾಲು ಹೊದಿಸಿದರು. ನವಾಬ ಸಿರಾಜುದ್ದೌಲಾನ ಕಡೆಯ ಮದ್ದು ನೆನೆದುಹೋಯಿತು. ಶತ್ರುವಿನ ಮದ್ದೂ ನೆನೆದಿರಬೇಕೆಂದು ಬಗೆದು, ನಿಷ್ಠಾವಂತ ಸೇನಾನಿ ಮೀರ್ ಮದನ್ ಮುನ್ನುಗ್ಗಿದ. ಎದುರಾದದ್ದು ಬೆಂಕಿಯುಗುಳುವ ಫಿರಂಗಿಗಳು. ಆತ ಬಿದ್ದ. ಕಂಗೆಟ್ಟ ನವಾಬ ಸಲಹೆಗಾಗಿ ಕರೆಸಿಕೊಂಡದ್ದು ಮೀರ್ ಜಾಫರನನ್ನೇ!

ದ್ರೋಹವನ್ನು ಬರೆದಷ್ಟು ವಿವರವಾಗಿ ಚರಿತ್ರೆ ಟಾರ್ಪಾಲನ್ನು ಬರೆಯುವುದಿಲ್ಲ. ಹಾಗಾಗಿ ಆ ಕಾಲದ ಮದ್ದಿನ ಗುಣವನ್ನು ನಾವು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು ಹೊಡೆಯುವ ಕೋವಿಗಳ ಕಾಲವದು. ನಮ್ಮ ಮಲೆನಾಡಿನ ಕೇಪಿನ ಕೋವಿಯೂ ಇದೇ ಜಾತಿಯದು. ಅದರ ಕರಿಮದ್ದು ಮೂರೇ ವಸ್ತುಗಳ ಮಿಶ್ರಣ: ಸಾಮಾನ್ಯವಾಗಿ ನೂರರಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇವು ಮೂರೂ ಹಳಸುವ ವಸ್ತುಗಳಲ್ಲ. ಆದ್ದರಿಂದ ಒಣಗಿದ ಜಾಗದಲ್ಲಿ ಭದ್ರವಾಗಿ ಮುಚ್ಚಿಟ್ಟ ಮದ್ದಿಗೆ ವಯಸ್ಸೇ ಇಲ್ಲವೆನ್ನಬಹುದು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅಲ್ಲಿನ ಅಂತರ್ಯುದ್ಧದ ಕಾಲದ ಫಿರಂಗಿ ಗುಂಡೊಂದನ್ನು ಶುಚಿಗೊಳಿಸುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ಸತ್ತರು. 140 ವರ್ಷ ದಾಟಿದರೂ ಒಳಗಿನ ಮದ್ದು ಸತ್ತಿರಲಿಲ್ಲ.

ಮದ್ದಿನ ನಿಜವಾದ ಶತ್ರು ತೇವ. ನೀರು ತಾಗಿದರೆ ಪೆಟ್ಲುಪ್ಪು ಕರಗುತ್ತದೆ. ಇದ್ದಿಲು ಮತ್ತು ಗಂಧಕ ಕರಗುವುದಿಲ್ಲ. ಮತ್ತೆ ಒಣಗಿಸಿದಾಗ ಪೆಟ್ಲುಪ್ಪು ಬೇರೆಯೇ ಹರಳುಗಟ್ಟುತ್ತದೆ. ಮೊದಲಿನ ಒಡನಾಟ ಮತ್ತೆ ಕೂಡುವುದಿಲ್ಲ. ನೋಡಲು ಮದ್ದು ಹಾಗೆಯೇ ಇರುತ್ತದೆ, ಆದರೆ ಅದರ ಕಸುವು ಕುಂದಿರುತ್ತದೆ.

ಈ ಸಮಸ್ಯೆಗೆ ಬಹಳ ಹಿಂದೆಯೇ ಪರಿಹಾರ ಬರೆದಿಟ್ಟವರಲ್ಲಿ 13ನೇ ಶತಮಾನದ ಸಿರಿಯಾದ ಹಸನ್ ಅಲ್ ರಮ್ಮಾಹ್ ಒಬ್ಬರು. ಕಚ್ಚಾ ಪೆಟ್ಲುಪ್ಪನ್ನು ಕಟ್ಟಿಗೆಯ ಬೂದಿಯಿಂದ ಶುದ್ಧಗೊಳಿಸುವ ವಿಧಾನವನ್ನು ಅವರು ವಿವರಿಸಿದ್ದಾರೆ. ಬೂದಿಯಲ್ಲಿರುವ ಕ್ಷಾರವು ಸುಣ್ಣದಂಶದ ಲವಣಗಳನ್ನು ಬೇರ್ಪಡಿಸುತ್ತದೆ. ಗಾಳಿಯ ತೇವವನ್ನು ಹೆಚ್ಚಾಗಿ ಹೀರುವುದು ಈ ಕಶ್ಮಲಗಳೇ. ಶುದ್ಧ ಪೆಟ್ಲುಪ್ಪಿನ ಮದ್ದು ಹೆಚ್ಚು ಕಾಲ ಬಾಳುತ್ತದೆ. ಮುಂದೆ ಮದ್ದನ್ನು ಒದ್ದೆ ಮಾಡಿ ಅದುಮಿ ಕಾಳುಗಳಾಗಿ ಒಡೆಯುವ ಪದ್ಧತಿ ಬಂತು. ಹಿಟ್ಟಿನಂಥ ಮದ್ದಿಗಿಂತ ಕಾಳುಮದ್ದು ತೇವವನ್ನು ಹೆಚ್ಚು ತಾಳಿಕೊಳ್ಳುತ್ತದೆ, ಒಂದೇ ಸಮನೆ ಉರಿಯುತ್ತದೆ.

ಈ ‘ಒಂದೇ ಸಮನೆ’ ಎಂಬುದರಲ್ಲೇ ಗುರಿಯ ಗುಟ್ಟಿದೆ. ಮದ್ದು ಕೊಂಚ ದುರ್ಬಲವಾಗಿದ್ದರೂ ಪ್ರತಿ ಸಲ ಒಂದೇ ರೀತಿ ದುರ್ಬಲವಾಗಿದ್ದರೆ ಗುರಿಕಾರ ಅದಕ್ಕೆ ಹೊಂದಿಕೊಳ್ಳಬಲ್ಲ. ಆದರೆ ಅರ್ಧ ತೇವ, ಅರ್ಧ ಒಣ ಮದ್ದು ಒಂದೊಂದು ಸಲಕ್ಕೆ ಒಂದೊಂದು ವೇಗ ಕೊಡುತ್ತದೆ. ಗಾಳಿಯ ಅಡ್ಡಿಯನ್ನು ಬಿಟ್ಟು ಲೆಕ್ಕ ಹಾಕೋಣ. ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟ ಗುಂಡು 100 ಮೀಟರ್ ದೂರ ಹೋಗುವಷ್ಟರಲ್ಲಿ ಸುಮಾರು 31 ಸೆಂಟಿಮೀಟರ್ ಕೆಳಗಿಳಿಯುತ್ತದೆ. ವೇಗ 300 ಮೀಟರಿಗೆ ಇಳಿದರೆ ಸುಮಾರು 54 ಸೆಂಟಿಮೀಟರ್. ಅಂದರೆ ಒಂದು ಗೇಣಿನ ವ್ಯತ್ಯಾಸ! ಕೈ ನಡುಗದಿದ್ದರೂ, ಕಣ್ಣು ತಪ್ಪದಿದ್ದರೂ ಗುಂಡು ತಪ್ಪುತ್ತದೆ. ಸಾಲದ್ದಕ್ಕೆ, ಸರಿಯಾಗಿ ಉರಿಯದ ಮದ್ದು ನಳಿಗೆಯಲ್ಲಿ ಮಸಿ ಬಿಡುತ್ತದೆ. ಮುಂದಿನ ಗುಂಡನ್ನು ಜಡಿಯುವುದೂ ಕಷ್ಟವಾಗುತ್ತದೆ.

ಗುಂಡಿನ ವೇಗವನ್ನು ಅಳೆಯುವ ಲೋಲಕವನ್ನು 1742ರ ತಮ್ಮ ಪುಸ್ತಕದಲ್ಲಿ ಬಣ್ಣಿಸಿದವರು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಈಸ್ಟ್ ಇಂಡಿಯಾ ಕಂಪೆನಿಯ ಇಂಜಿನಿಯರ್ ಆಗಿ ಭಾರತಕ್ಕೆ ಬಂದ ಅವರು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು. ಕಂಪೆನಿ ಇಲ್ಲಿಗೆ ಫಿರಂಗಿಗಳನ್ನು ಮಾತ್ರವಲ್ಲ, ಅಳೆದು ನೋಡುವ ಬುದ್ಧಿಯನ್ನೂ ತಂದಿತ್ತು.

ಹಾಗೆಂದು ನಮ್ಮವರಿಗೆ ಈ ಎಚ್ಚರ ಇರಲಿಲ್ಲವೆಂದರೆ ತಪ್ಪಾದೀತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಕಾಲದ ಮದ್ದಿನ ಮನೆಗಳನ್ನು ಇಂದಿಗೂ ನೋಡಬಹುದು. ಅರ್ಧ ನೆಲದೊಳಗೆ ಹುದುಗಿದ, ದಪ್ಪ ಗೋಡೆಯ ಕಟ್ಟಡಗಳವು. ರೈಲು ಹಳಿಗೆ ಅಡ್ಡವಾಗಿದ್ದ ಒಂದನ್ನು 2017ರಲ್ಲಿ ಇಡಿಯಾಗಿಯೇ ಸರಿಸಲಾಯಿತು. ಆದರೆ ತೇವದಿಂದ ಉಳಿಸಿದ ಮದ್ದನ್ನು ಕಿಡಿಯಿಂದಲೂ ಉಳಿಸಬೇಕಲ್ಲ! 1799ರ ಮೇ 2ರಂದು ಬ್ರಿಟಿಷರ ಗುಂಡೊಂದು ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೆ ತಗುಲಿ ಭಾರಿ ಸ್ಫೋಟವಾಯಿತು. ಎರಡೇ ದಿನಗಳಲ್ಲಿ ಕೋಟೆ ಬಿತ್ತು, ಸುಲ್ತಾನರು ಹುತಾತ್ಮರಾದರು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಕಬ್ಬಿಣ ತುಕ್ಕು ಹಿಡಿದಿತ್ತು. ಬಾವಿಯ ಮಣ್ಣು ಮಾತ್ರ ಇನ್ನೂ ಮದ್ದಿನ ವಾಸನೆ ಬೀರುತ್ತಿತ್ತು. ವಾಸನೆ ಉಳಿದರೆ ಯುದ್ಧ ಗೆಲ್ಲಲಾಗದು. ಅದಕ್ಕೆ ಒಣಗಿದ ಮದ್ದೇ ಬೇಕು.

ಪ್ಲಾಸಿಯ ಸೋಲಿಗೆ ಮಳೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಸೇನೆಯ ಬಹುಭಾಗ ಕದಲದೆ ನಿಂತದ್ದೇ ದೊಡ್ಡ ಕಾರಣ. ಆದರೆ ದ್ರೋಹಿಗಳನ್ನು ಶಪಿಸುವುದು ಸುಲಭ, ಉಗ್ರಾಣ ಕಾಯುವುದು ಕಷ್ಟ. ಮೀರ್ ಮದನನ ಶೌರ್ಯದಲ್ಲಿ ಕೊರತೆಯಿರಲಿಲ್ಲ. ಅವನ ಬೆನ್ನ ಹಿಂದೆ ಮದ್ದಿನ ಮೇಲೆ ಬಟ್ಟೆ ಹೊದಿಸುವ ಒಂದು ಜೋಡಿ ಕೈ ಇರಲಿಲ್ಲ. ವೀರರನ್ನು ಹಾಡಿ ಹೊಗಳುವ ಯಾವುದೇ ಸಮುದಾಯ ಆ ಹೆಸರಿಲ್ಲದ ಕೈಗಳನ್ನೂ ತಯಾರು ಮಾಡಬೇಕಾಗುತ್ತದೆ.