ಅರ್ಕಪುರಿಯ ನೆರೆಯಲ್ಲಿ ಬುಧಶುಕ್ರರು

ಅರಕಲಗೂಡಿಗೆ ಅರ್ಕಪುರಿಯೆಂಬುದು ಪ್ರಾಚೀನ ನಾಮವೆಂದೂ, ಗೌತಮ ಋಷಿಗಳು ಅಲ್ಲಿ ತಪವನ್ನಾಚರಿಸಿ ಅರ್ಕೇಶ್ವರನನ್ನು ಪ್ರತಿಷ್ಠಿಸಿದರೆಂದೂ ಸ್ಥಳಪುರಾಣವು ಹೇಳುತ್ತದೆ. ಸೂರ್ಯನ ಹೆಸರನ್ನು ಹೊತ್ತ ಈ ಊರಿನಲ್ಲಿಯೂ, ಹೇಮಾವತಿಯ ತಡಿಯ ಹೊಳೆನರಸೀಪುರದಲ್ಲಿಯೂ, ಹಾಸನ ಚನ್ನರಾಯಪಟ್ಟಣಗಳಲ್ಲಿಯೂ, ಸೂರ್ಯನಿಗೆ ಅತಿಸಮೀಪವರ್ತಿಗಳಾದ ಬುಧಶುಕ್ರರನ್ನು ನಮ್ಮ ಹಿರಿಯರು ಹೇಗೆ ಅರಿತಿದ್ದರೆಂದು ವಿಚಾರಿಸಹೊರಟವರಿಗೆ ಮೊದಲು ಎದುರಾಗುವುವು ಶಿಲಾಶಾಸನಗಳು.

ಬಿ. ಎಲ್. ರೈಸರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 5ನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳಿವೆ. ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ಹೇಳಿ, ಗ್ರಹಣವೋ ಸಂಕ್ರಮಣವೋ ಒದಗಿದ ಪುಣ್ಯಕಾಲದಲ್ಲಿ ಭೂಮಿಯನ್ನು ಧಾರೆಯೆರೆದ ಈ ಲೇಖಗಳಲ್ಲಿ ಕಾಲವನ್ನು ನಿರ್ಣಯಿಸತಕ್ಕವರು ಸೂರ್ಯಚಂದ್ರರು. ಬುಧಶುಕ್ರರು ಹೆಚ್ಚಾಗಿ ವಾರದ ಹೆಸರುಗಳಾಗಿ ಮಾತ್ರ ಸುಳಿಯುತ್ತಾರೆ.

ಅವರ ನಿಜವಾದ ನೆಲೆ ಜೋಯಿಸರ ಓಲೆಗರಿಗಳಲ್ಲಿದ್ದಿತು. ಬುಧನು ಸೂರ್ಯನನ್ನು ಸುಮಾರು 28 ಅಂಶಗಳಿಗಿಂತಲೂ, ಶುಕ್ರನು 47 ಅಂಶಗಳಿಗಿಂತಲೂ ಹೆಚ್ಚಾಗಿ ಅಗಲಿ ಹೋಗನಾದುದರಿಂದ, ಇವರೀರ್ವರ ಮಧ್ಯಮಸ್ಥಾನಕ್ಕೆ ಸೂರ್ಯನ ಮಧ್ಯಮವನ್ನೇ ಹಿಡಿದು, ಅವರ ಸ್ವಂತ ಚಲನೆಯನ್ನು ಶೀಘ್ರೋಚ್ಚವೆಂಬ ಬೇರೊಂದು ಬಿಂದುವಿಗೆ ಆರೋಪಿಸುವುದು ಸಿದ್ಧಾಂತಗ್ರಂಥಗಳ ಕ್ರಮ. ಸೂರ್ಯಸಿದ್ಧಾಂತವು 43,20,000 ವರ್ಷಗಳ ಮಹಾಯುಗದಲ್ಲಿ ಬುಧಶೀಘ್ರಕ್ಕೆ 1,79,37,060 ಭಗಣಗಳನ್ನೂ (ಪೂರ್ಣ ಸುತ್ತುಗಳನ್ನೂ), ಶುಕ್ರಶೀಘ್ರಕ್ಕೆ 70,22,376 ಭಗಣಗಳನ್ನೂ ಹೇಳುತ್ತದೆ. ಯುಗದ 1,57,79,17,828 ದಿನಗಳನ್ನು ಇವುಗಳಿಂದ ಭಾಗಿಸಿ ನೋಡಿದವರಿಗೆ 87.97 ಹಾಗೂ 224.70 ದಿನಗಳು ದೊರೆಯುತ್ತವೆ. ಇವು ಆ ಗ್ರಹಗಳು ಸೂರ್ಯನನ್ನೊಮ್ಮೆ ಸುತ್ತಿಬರುವ ಕಾಲಗಳೇ ಆಗಿವೆ! ಭೂಮಿಯನ್ನು ನಡುವಿನಲ್ಲಿಟ್ಟು ಎಣಿಸಿದ ಗಣಿತದ ಒಡಲಿನೊಳಗೆ ಸೂರ್ಯಕೇಂದ್ರದ ಪ್ರದಕ್ಷಿಣೆಯು ಹೀಗೆ ಅಡಗಿದ್ದುದನ್ನು ಕಂಡಾಗಲೆಲ್ಲ ನನ್ನ ಮನಸ್ಸು ಆ ಗಣಕರಿಗೆ ತಲೆಬಾಗುತ್ತದೆ. ಕೇರಳದ ನೀಲಕಂಠ ಸೋಮಯಾಜಿಗಳು 1500ರ ಸುಮಾರಿನಲ್ಲಿ, ತಮ್ಮ ತಂತ್ರಸಂಗ್ರಹದಲ್ಲಿ, ಶೀಘ್ರೋಚ್ಚವೆನಿಸಿಕೊಂಡಿದ್ದುದನ್ನೇ ಗ್ರಹದ ಮಧ್ಯಮವೆಂದು ತಿದ್ದಿದರು. ನಮ್ಮ ಮಲೆನಾಡಿನಲ್ಲಿ ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ 'ಗಣಿತಗನ್ನಡಿ'ಯನ್ನು ಕನ್ನಡದಲ್ಲಿಯೇ ರಚಿಸಿದರೆಂಬುದು, ಈ ಶಾಸ್ತ್ರವು ನಮ್ಮ ನುಡಿಗೆ ಹೊರಗಿನದಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಗಣಿತವನ್ನರಿಯದ ಮನೆಗಳಿಗೆ ಈ ಕಕ್ಷೆಗಳ ಪರಿಚಯವಾದುದು, ಗ್ರಹವು ಸೂರ್ಯನ ಬೆಳಕಿನಲ್ಲಿ ಮರೆಯಾಗುವ ಮೌಢ್ಯದ ಮೂಲಕ. ಯುಗಾದಿಯ ಪಂಚಾಂಗಶ್ರವಣದಲ್ಲಿ, ಮದುವೆಗೆ ಬೆಳೆದ ಮಗಳುಳ್ಳ ತಂದೆಯು ಕಿವಿಗೊಟ್ಟು ಕೇಳುತ್ತಿದ್ದುದು ಗುರುಶುಕ್ರರ ಅಸ್ತೋದಯಗಳನ್ನು; ಅವರ ಮೌಢ್ಯದಲ್ಲಿ ಮದುವೆ ಸಲ್ಲದಷ್ಟೆ. ವರ್ಷಕ್ಕೆ ಹಲವು ಸಲ ಮುಳುಗೇಳುವ ಬುಧನ ಅಸ್ತವನ್ನು ಕೇಳಿದವರಿಲ್ಲ. ಶುಕ್ರನು ಭೂಮಿಗೂ ಸೂರ್ಯನಿಗೂ ನಡುವೆ ಹಾಯುವಾಗ ವಕ್ರಗತಿಯಲ್ಲಿದ್ದು, ಪಶ್ಚಿಮದಲ್ಲಿ ಮುಳುಗಿದವನು ಸುಮಾರು ವಾರದೊಳಗಾಗಿ ಪೂರ್ವದಲ್ಲಿ ಮೂಡುತ್ತಾನೆ. ಆದುದರಿಂದ ಆ ಮೌಢ್ಯವು ಯಾರ ಮನೆಯ ಶುಭಕಾರ್ಯವನ್ನೂ ಬಹಳವಾಗಿ ತಡೆಯದು. ಸೂರ್ಯನ ಆಚೆಯ ಬದಿಯಲ್ಲಿ ಸಾಗುವಾಗಲಾದರೋ ಸುಮಾರು ಎರಡು ತಿಂಗಳು ಕಣ್ಮರೆಯಾಗಿ, ಲಗ್ನದ ಕಾಲವನ್ನೇ ನುಂಗಿಬಿಡುತ್ತಾನೆ. ಬೆಳಗಿನ ಬೆಳ್ಳಿಯಾಗಿ ಮರೆಯಾದವನು ಹೇಮಾವತಿಯ ಪಡುವಣ ಬಾನಿನಲ್ಲಿ ಸಂಜೆಯ ಚುಕ್ಕಿಯಾಗಿ ತೋರಿದ ಮೇಲೆಯೇ ಚಪ್ಪರದ ಕಂಬಕ್ಕೆ ಗುಳಿ ತೋಡುತ್ತಿದ್ದರು.