ಮೊರೆಯುವ ಬೆಂಕಿಯ ಬೆನ್ನು ಹತ್ತಿ

ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಪೀಟರ್ ರೈಕೆ 1859ರಲ್ಲಿ ಒಂದು ಸರಳ ಪ್ರಯೋಗವನ್ನು ವರದಿ ಮಾಡಿದರು. ಎರಡೂ ತುದಿ ತೆರೆದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಕೆಳಭಾಗದಲ್ಲಿಟ್ಟ ತಂತಿಬಲೆಯನ್ನು ಕೆಂಪಗೆ ಕಾಯಿಸಿ ಉರಿಯನ್ನು ತೆಗೆದರೆ, ಬಲೆ ಆರುವವರೆಗೂ ಕೊಳವೆ ಜೋರಾಗಿ ಮೊಳಗುತ್ತಿತ್ತು. ನೂರು ವರ್ಷಗಳ ನಂತರ ರಾಕೆಟ್ ಎಂಜಿನ್‌ಗಳನ್ನು ಒಡೆದುಹಾಕಿದ್ದೂ ಇದೇ ಜಾತಿಯ ಮೊರೆತ. ಎಂಜಿನಿಯರುಗಳು ಇದನ್ನು ದಹನ ಅಸ್ಥಿರತೆ ಎನ್ನುತ್ತಾರೆ.

ಇದರ ಗುಟ್ಟನ್ನು 1878ರಲ್ಲಿ ಬಿಡಿಸಿದವರು ಲಾರ್ಡ್ ರೇಲಿ. ಅನಿಲ ಒತ್ತಿಕೊಂಡಿರುವ ಗಳಿಗೆಯಲ್ಲೇ ಶಾಖ ಸೇರಿದರೆ ಕಂಪನ ಬಲಿಯುತ್ತದೆ, ಹಿಗ್ಗಿರುವಾಗ ಸೇರಿದರೆ ಕುಗ್ಗುತ್ತದೆ. ಸರಿಯಾದ ಹೊತ್ತಿಗೆ ತಳ್ಳಿದ ಜೋಕಾಲಿ ಏರುತ್ತಲೇ ಹೋಗುವ ಹಾಗೆ. ಆದರೆ ಎಂಜಿನ್ನಿನ ದಹನಕೋಣೆಯಲ್ಲಿ ಆ 'ಸರಿಯಾದ ಹೊತ್ತು' ಹೇಗೆ ಕೂಡಿಬರುತ್ತದೆ?

ಉತ್ತರಕ್ಕೆ ದಾರಿ ಮಾಡಿದವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಇಟಲಿಯ ಲುಯಿಜಿ ಕ್ರೊಕ್ಕೊ. ಇಂಧನ ಒಳಗೆ ಚಿಮ್ಮಿದ ಕೂಡಲೇ ಉರಿಯುವುದಿಲ್ಲ. ಹನಿಯೊಡೆದು, ಆವಿಯಾಗಿ, ಗಾಳಿ ಅಥವಾ ಆಮ್ಲಜನಕದೊಡನೆ ಬೆರೆಯಲು ತುಸು ಹೊತ್ತು ಬೇಕು. ಈ ವಿಳಂಬವು ಒತ್ತಡದ ಅಲೆಗೆ ತಾಳ ಹಾಕಿದರೆ ಅಪಾಯ ಎಂಬುದನ್ನು 1950ರ ದಶಕದಲ್ಲಿ ಅವರು ಗಣಿತದಲ್ಲಿ ತೋರಿಸಿದರು.

ಈ ವಿದ್ಯೆಗೆ ನಿಜವಾದ ಅಗ್ನಿಪರೀಕ್ಷೆ ಎದುರಾದದ್ದು ಅಮೆರಿಕದ ಚಂದ್ರಯಾತ್ರೆಯ ಸ್ಯಾಟರ್ನ್-5 ರಾಕೆಟ್ಟಿನ ಎಫ್-1 ಎಂಜಿನ್ನಿನಲ್ಲಿ. 1962ರ ಜೂನ್‌ನಲ್ಲಿ ಪರೀಕ್ಷೆಯ ವೇಳೆ ಒಂದು ಎಂಜಿನ್ ಅಸ್ಥಿರತೆಯಿಂದ ನಾಶವಾಯಿತು. ಇದನ್ನು ಬಗೆಹರಿಸಲು ರಚಿಸಿದ ಸಲಹಾ ಸಮಿತಿಯಲ್ಲಿ ಕ್ರೊಕ್ಕೊ ಅವರೂ ಇದ್ದರು. ಎಂಜಿನಿಯರುಗಳು ಹಿಡಿದ ಹಾದಿ ದಿಟ್ಟವಾಗಿತ್ತು: ಉರಿಯುತ್ತಿರುವ ಎಂಜಿನ್ನಿನೊಳಗೆ ಪುಟ್ಟ ಬಾಂಬ್ ಸಿಡಿಸಿ ಬೇಕೆಂದೇ ಕಂಪನ ಎಬ್ಬಿಸುವುದು, ಅದು ಎಷ್ಟು ಬೇಗ ಅಡಗುತ್ತದೆಂದು ಅಳೆಯುವುದು. ಇಂಧನ ಚಿಮ್ಮಿಸುವ ಇಂಜೆಕ್ಟರ್ ಫಲಕದ ಮೇಲೆ ತಡೆಗೋಡೆಗಳನ್ನು ಕೂರಿಸಿ, ರಂಧ್ರಗಳ ವಿನ್ಯಾಸ ಬದಲಿಸಿ, ಸುಮಾರು 2,000 ಪರೀಕ್ಷೆಗಳಾದ ಮೇಲೆ ಸಿಡಿತದ ಕಂಪನ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅಡಗುವಂತಾಯಿತು.

ಮುಂದೆ ಈ ಪಿಡುಗು ವಿದ್ಯುತ್ ಸ್ಥಾವರಗಳಿಗೂ ಕಾಲಿಟ್ಟಿತು. ನೈಟ್ರೋಜನ್ ಆಕ್ಸೈಡ್ ಮಾಲಿನ್ಯ ತಗ್ಗಿಸಲು ಗ್ಯಾಸ್ ಟರ್ಬೈನ್‌ಗಳಲ್ಲಿ ಇಂಧನ ಕಡಿಮೆ, ಗಾಳಿ ಹೆಚ್ಚು ಇರುವ ಮಿಶ್ರಣ ಉರಿಸತೊಡಗಿದರು. ಇಂಥ ತೆಳು ಮಿಶ್ರಣದ ಜ್ವಾಲೆ ಸಣ್ಣ ಅಲುಗಾಟಕ್ಕೂ ಬೆದರುತ್ತದೆ. ಹಾಗಾಗಿ ಅಸ್ಥಿರತೆ ಶುರುವಾಗುವ ಮುನ್ನವೇ ಸುಳಿವು ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಮುಂದೆ ಬಂತು.

ಇಲ್ಲಿ ಐಐಟಿ ಮದ್ರಾಸಿನ ಆರ್.ಐ. ಸುಜಿತ್ ಮತ್ತು ಅವರ ವಿದ್ಯಾರ್ಥಿಗಳ ಕೊಡುಗೆ ದೊಡ್ಡದು. ಎಂಜಿನ್ನಿನ ಮಾಮೂಲಿ ಗದ್ದಲವನ್ನು ಅರ್ಥವಿಲ್ಲದ ಸದ್ದೆಂದು ಬದಿಗಿಡುವ ರೂಢಿಯನ್ನು ಅವರು ಒಪ್ಪಲಿಲ್ಲ. 2013–14ರಲ್ಲಿ ಪ್ರಕಟವಾದ ಪ್ರಬಂಧಗಳಲ್ಲಿ ಆ ಗದ್ದಲಕ್ಕೆ ಗಣಿತದ 'ಕೇಆಸ್' (ನಿಯಮಕ್ಕೊಳಪಟ್ಟ ಗೊಂದಲ) ಲಕ್ಷಣಗಳಿವೆ ಎಂದು ತೋರಿಸಿದರು. ಅಪಾಯ ಹತ್ತಿರವಾದಂತೆ ಆ ಲಕ್ಷಣ ಕರಗುತ್ತದೆ. ಗದ್ದಲದ ನಡುವೆ ಆಗಾಗ ಕ್ರಮಬದ್ಧ ಕಂಪನದ ತುಣುಕುಗಳು ಇಣುಕುತ್ತವೆ. ಕೊನೆಗೆ ಕಂಪನವೇ ಉಳಿಯುತ್ತದೆ. ಅಂದರೆ ಎಂಜಿನ್ ಮುನ್ಸೂಚನೆ ಕೊಡುತ್ತಲೇ ಇರುತ್ತದೆ, ಕೇಳುವ ಕಿವಿ ಬೇಕು.

ಇನ್ನು ಗ್ಯಾಸ್ ಟರ್ಬೈನ್‌ಗಳ ಇಂಧನವಾಗಿ ಹೈಡ್ರೋಜನ್ ಸರದಿ. ನೈಸರ್ಗಿಕ ಅನಿಲಕ್ಕಿಂತ ಬಹಳ ವೇಗವಾಗಿ ಹಬ್ಬುವ ಅದರ ಜ್ವಾಲೆಗೆ ಹಳೆಯ ಲೆಕ್ಕಾಚಾರಗಳನ್ನು ಮತ್ತೆ ಮಾಡಬೇಕಾಗಿದೆ. ಆ ಲೆಕ್ಕಾಚಾರಗಳಿಗೆ ಬುನಾದಿ ಹಾಕಿದ ರೈಕೆ, ರೇಲಿ ಇಬ್ಬರ ಮುಂದೆಯೂ ರಾಕೆಟ್ಟಿರಲಿಲ್ಲ. ಅವರನ್ನು ಕಾಡಿದ್ದು ಕುತೂಹಲ ಮಾತ್ರ. ತಕ್ಷಣದ ಲಾಭ ಕೇಳದೆ ಇಂಥ ಕುತೂಹಲಕ್ಕೆ ಪ್ರಯೋಗಾಲಯ, ಹಣ, ಸಮಯ ಕೊಡುವ ವಿಶ್ವವಿದ್ಯಾಲಯಗಳನ್ನು ನಾವು ಕಾಪಾಡಿಕೊಳ್ಳಲೇಬೇಕು. ನಾಳಿನ ಎಂಜಿನ್‌ಗಳು ಸುರಕ್ಷಿತವಾಗುವುದು ಅಲ್ಲಿಂದಲೇ.