ಒಂದೇ ಸೂಜಿಗೆ ಕಾಯ್ದ ದಿನಗಳು

ಹೋಳಿ ಮುಗಿದರೆ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ. ಕಮಲಾಪುರ ಕಡೆಯ ನಮಗೂ ಅದು ದೊಡ್ಡ ತೇರು. 2020ರಲ್ಲಿ ಆ ದಿನಗಳಲ್ಲೇ ಸುದ್ದಿ ಬಂತು: ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರಿಗೆ ಕೊರೊನಾ ಇತ್ತು. ಈ ರೋಗಕ್ಕೆ ದೇಶದ ಮೊದಲ ಸಾವು ಅದು. 13ರಂದು ಸರ್ಕಾರ ಜಾತ್ರೆ, ದೊಡ್ಡ ಮದುವೆಗಳಿಗೆ ಒಂದು ವಾರ ತಡೆ ಹಾಕಿತು.

ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ನಮ್ಮ ಸರ್ಕಾರಿ ಕೇಂದ್ರಗಳಿಗೆ ಬಂದದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಎರಡಕ್ಕೂ ಎರಡೆರಡು ಡೋಸ್. ಮೇ 13ರಂದು ಕೋವಿಶೀಲ್ಡ್ ಅಂತರ 12ರಿಂದ 16 ವಾರಕ್ಕೆ ಏರಿತು. ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವವರಿಗೆ ಇದೇ ತೊಡಕು: ಮೊದಲನೇ ಸೂಜಿ ಊರಲ್ಲಿ, ಎರಡನೆಯದು ಎಲ್ಲಿ? ಅದೇ ಲಸಿಕೆ ದೇಶದಲ್ಲಿ ಎಲ್ಲಿ ಬೇಕಾದರೂ ಹಾಕಿಸಿಕೊಳ್ಳಬಹುದಿತ್ತು. ಆದರೆ ದಿನದ ಕೂಲಿ ಬಿಡಬೇಕಲ್ಲ.

ಆಗಸ್ಟ್ 7ರಂದು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಒಂದೇ ಡೋಸಿನ ಲಸಿಕೆಗೆ ಕೇಂದ್ರ ತುರ್ತು ಅನುಮತಿ ಕೊಟ್ಟಿತು. ನಮ್ಮ ಕಟ್ಟೆಯ ಮೇಲೆ ಮಾತು ಶುರುವಾಯಿತು: "ಒಂದೇ ಸೂಜಿದು ಬರ್ತದಂತ. ಅದೇ ಮಾಡಿಸ್ಕೋತೀವಿ, ತಡೀರಿ."

ಆ ಲಸಿಕೆ ಕಡಿಮೆಯದೇನಲ್ಲ. ಸುಮಾರು 44,000 ಜನರ ಪರೀಕ್ಷೆಯಲ್ಲಿ, ಸೂಜಿಯಾಗಿ 28 ದಿನ ಕಳೆದ ಮೇಲೆ ತೀವ್ರ ಕಾಯಿಲೆಯನ್ನು ಶೇ. 85ರಷ್ಟು ತಡೆದಿತ್ತು. ಅಪಾಯವೂ ಇತ್ತು. ಅಮೆರಿಕದಲ್ಲಿ 68 ಲಕ್ಷ ಡೋಸ್ ಕೊಟ್ಟಾಗ ಆರು ಮಹಿಳೆಯರಲ್ಲಿ ಅಪರೂಪದ ರಕ್ತ ಹೆಪ್ಪುಗಟ್ಟುವಿಕೆ ಕಂಡು, ಏಪ್ರಿಲ್ 13ರಿಂದ ಹತ್ತು ದಿನ ನಿಲ್ಲಿಸಿ ಪರಿಶೀಲಿಸಿದ್ದರು. ಇಂಥ ಅಪರೂಪದ ತೊಂದರೆ ಕೋವಿಶೀಲ್ಡ್ ಮಾದರಿಯ ಲಸಿಕೆಯಲ್ಲೂ ಕಂಡಿತ್ತು.

ಹಾಗಾದರೆ ಒಂದೇ ಡೋಸ್ ಒಪ್ಪಬೇಕಿತ್ತೇ? ಕೈಗೆ ಸಿಕ್ಕಿದ್ದರೆ, ಮತ್ತೆ ಬರಲಾಗದ ಕೂಲಿಯವರಿಗೆ ಅದು ಒಳ್ಳೆಯ ದಾರಿಯೇ ಆಗಿತ್ತು. ಆದರೆ ಸರ್ಕಾರಿ ಕೇಂದ್ರಗಳಿಗೆ ಅದು ಬರಲೇ ಇಲ್ಲ. ಅಕ್ಟೋಬರ್‌ನಲ್ಲಿ ಅಮೆರಿಕವೇ, ಅದನ್ನು ಪಡೆದವರು ಎರಡು ತಿಂಗಳ ನಂತರ ಇನ್ನೊಂದು ಡೋಸ್ ಪಡೆಯಲಿ ಎಂದಿತು. ಒಂದು ಎಂದದ್ದು ಎರಡಾಯಿತು. ಇಲ್ಲಿ ಕಾಯ್ದವರಿಗೆ ಅಷ್ಟು ದಿನ ಯಾವ ರಕ್ಷಣೆಯೂ ಇರಲಿಲ್ಲ.

ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ದಾಸೋಹದ ಪಂಕ್ತಿಯಲ್ಲಿ ಕುಂತವರು ಬಡಿಸಿದ್ದನ್ನು ಉಣ್ಣುತ್ತಾರೆ; ಮುಂದಿನ ಪಂಕ್ತಿಯ ಸಿಹಿಗೆಂದು ಎದ್ದು ಹೋಗುವುದಿಲ್ಲ. ಮತ್ತೊಂದು ರೋಗ ಬಂದರೆ ಆಶಾ ಕಾರ್ಯಕರ್ತೆಯನ್ನು ಮೂರು ಮಾತು ಕೇಳೋಣ: ಇವತ್ತು ಯಾವುದು ಸಿಗುತ್ತದೆ? ಅದರ ಅಪಾಯ ಎಷ್ಟು? ಕಾಯುವುದರ ಅಪಾಯ ಎಷ್ಟು? ಮೂರನೆಯದನ್ನು ನಾವು ಆಗ ಕೇಳಲೇ ಇಲ್ಲ.